ತಾಮ್ರದ ಮಾತಿಗೆ ಎದೆ ಹೊಡೆದುಕೊಂಡಿತು

ಪೀಣ್ಯದಲ್ಲಿ ಸ್ಟೋರ್ಸ್ ಕೆಲಸ ಅನ್ನೋದೇ ನನ್ನ ಪಾಲಿಗೆ ಮುಚ್ಚಿಹೋಯಿತು. ಅಷ್ಟು ಬೆಲೆ ತೆತ್ತೆ. ಯಾಕೆಂದರೆ, ತಾಮ್ರ ಅಂದ ಕೂಡಲೇ ನನ್ನ ಎದೆ ಡವಡವ ಅಂದಿತ್ತು.

ಆಗ ಹೆಂಡತಿ ಬಸುರಿ. ನಾನಿದ್ದ ಕಾರ್ಖಾನೆ ಬಾಗಿಲು ಹಾಕಿತ್ತು. ತಾಮ್ರದ ತಂತಿಯಿಂದ ಮೋಟಾರಿನ ಕಾಯಿಲ್ ಸುತ್ತುವ ಕಂಪನಿಯೊಂದಕ್ಕೆ ಸ್ಟೋರ್ಸ್ ಕೀಪರ್ ಬೇಕಿತ್ತು. ಸೇರಿದರೆ ಇಎಸ್‌ಐ ಕಾರ್ಡು, ಹೆರಿಗೆಯ ಚಿಂತೆ ಇಲ್ಲ. ಸಂಬಳ, ರಜೆ, ಓವರ್‌ಟೈಮ್ ಎಲ್ಲಾ ಚೌಕಾಸಿ ಮಾಡಿ ಒಪ್ಪಿಸಿದ್ದೆ. ಕೊನೆಗೆ ಮ್ಯಾನೇಜರು, ‘ಒಂದು ಸಣ್ಣ ಟೆಸ್ಟ್ ಇದೆ, ಸುಳ್ಳು ಹಿಡಿಯೋ ಮೆಷಿನ್ನು. ಸಾಮಾನು ಕೈಗೆ ಕೊಡೋ ಮೊದ್ಲು ಎಲ್ರಿಗೂ ಮಾಡಿಸ್ತೀವಿ’ ಅಂದರು. ಅದೊಂದಕ್ಕೆ ನಾನು ಚೌಕಾಸಿ ಮಾಡಲಿಲ್ಲ. ಕದಿಯದವನಿಗೇನು ಭಯ ಅಂದುಕೊಂಡೆ.

ಕುರ್ಚಿಯಲ್ಲಿ ಕೂರಿಸಿದರು. ಎದೆಗೆ ಪಟ್ಟಿ, ಬೆರಳಿಗೆ ಕ್ಲಿಪ್ಪು. ‘ತಾಮ್ರದ ತಂತಿ ಯಾವತ್ತಾದರೂ ಹೊರಗೆ ಸಾಗಿಸಿದ್ದೀರಾ?’ ಹಳೇ ಕಾರ್ಖಾನೆಯಲ್ಲಿ ತಂತಿ ಕಾಣೆಯಾಗಿ, ನಮ್ಮನ್ನೆಲ್ಲ ಗೇಟಿನಲ್ಲಿ ಷರ್ಟು ಬಿಚ್ಚಿಸಿ ತಡಕಿದ್ದು ಕಣ್ಣ ಮುಂದೆ ಬಂತು. ‘ಇಲ್ಲ’ ಅಂದೆ. ನಿಜವನ್ನೇ ಹೇಳಿದೆ. ಮೆಷಿನ್ನು ಒಪ್ಪಲಿಲ್ಲ, ಆ ಕೆಲಸ ಕೈತಪ್ಪಿತು.

ಆಮೇಲೆ ಯಾರೂ ನನ್ನನ್ನು ಕಳ್ಳ ಅನ್ನಲಿಲ್ಲ. ಕೆಲಸ ಕೇಳಿ ಹೋದ ಕಡೆಯೆಲ್ಲ ನಗುತ್ತಲೇ ಮಾತಾಡಿಸಿದರು, ‘ಫೋನ್ ಮಾಡ್ತೀವಿ’ ಅಂದರು. ಫೋನು ಬರುತ್ತಿರಲಿಲ್ಲ.

ನಮ್ಮಲ್ಲಿ ಸ್ಟೋರ್ಸಿಗೆ ಸೇರಬೇಕಾದರೆ ‘ನಮ್ಮ ಹುಡುಗ, ನಾನಿದ್ದೀನಿ’ ಅನ್ನೋರೊಬ್ಬರು ಬೇಕು. ನನಗೆ ಹಾಗೆ ಇದ್ದವನು ಹಳೇ ಕಾರ್ಖಾನೆಯ ಗೆಳೆಯ. ಅವನಾಗಲೇ ಆ ಕಾಯಿಲ್ ಕಂಪನಿಗೆ ಸೂಪರ್‌ವೈಸರ್ ಆಗಿ ಸೇರಿಕೊಂಡಿದ್ದ. ನನ್ನನ್ನು ಅಲ್ಲಿಗೆ ಕರೆದೊಯ್ದವನೂ ಅವನೇ. ಒಂದು ಸಂಜೆ ದಾಸರಹಳ್ಳಿಯ ಟೀ ಅಂಗಡಿ ಮುಂದೆ ಇಬ್ಬರೂ ನಿಂತಿದ್ದಾಗ ಅವನ ಫೋನು ಬಡಿದುಕೊಂಡಿತು. ಬೆಳಿಗ್ಗೆ ನಾನು ಅವನ ಹೆಸರು ಕೊಟ್ಟು ಕೆಲಸ ಕೇಳಿ ಬಂದಿದ್ದ ಕಂಪನಿಯದು. ಅವನು ಬೆನ್ನು ತಿರುಗಿಸಿದ.

‘ಹಾಂ ಸಾರ್... ಗೊತ್ತು ಸಾರ್... ಅವನ ವಿಷ್ಯ ಮಾತ್ರ ನನ್ನ ಕೇಳ್ಬೇಡಿ ಸಾರ್.’

‘ಏನೋ ಇದು?’ ಅಂದೆ.

‘ನಾನೇನಾದ್ರೂ ಕೆಟ್ಟದ್ದು ಹೇಳಿದ್ನಾ ಮಗಾ? ಕಳ್ಳ ಅಂದ್ನಾ?’

‘ಅಂದಿದ್ರೆ ಜಗಳನಾದ್ರೂ ಆಡ್ಬೋದಿತ್ತು ಕಣೋ. ಎಷ್ಟು ಜನಕ್ಕೆ ಹಿಂಗೇ ಹೇಳಿದ್ದೀಯ?’

ಅವನು ಲೋಟದೊಳಗೆ ನೋಡಿದ. ‘ಮೆಷಿನ್ನೇ ಹಂಗಂದ್ಮೇಲೆ ನಾನೇನು ಹೇಳ್ಲಿ ಗುರು? ನಂಗೂ ಕೆಲ್ಸ ಉಳೀಬೇಕಲ್ಲ.’

ಹೆರಿಗೆ ಸಾಲ ಮಾಡಿಯೇ ಆಯಿತು. ನಾನು ರಾಜಗೋಪಾಲನಗರದಲ್ಲಿ ನಟ್ಟು ಬೋಲ್ಟಿನ ಅಂಗಡಿ ಹಾಕಿದೆ, ಚೆನ್ನಾಗಿಯೇ ನಡೆಯುತ್ತಿದೆ. ಆದರೆ ಈಗಲೂ ಮಾಲು ಕೊಡಲು ಹೋದರೆ ಕೆಲವು ಗೇಟುಗಳಲ್ಲಿ, ‘ಅಣ್ಣ, ನೀವು ಇಲ್ಲೇ ಇರಿ, ಒಳಗಿಂದ ಬಂದು ತಗೋತಾರೆ’ ಅನ್ನುತ್ತಾರೆ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ.

ನಿಮ್ಮನ್ನೂ ಯಾರಾದರೂ ಆ ಕುರ್ಚಿಗೆ ಕರೆದರೆ, ಸಂಬಳಕ್ಕಿಂತ ಮೊದಲು ಅದನ್ನೇ ಚೌಕಾಸಿ ಮಾಡಿ. ಬೇಡ ಅನ್ನಲೂಬಹುದು, ಅದನ್ನು ಮರೆಯಬೇಡಿ. ಕೂರೋದೇ ಆದರೆ ಪ್ರಶ್ನೆಗಳನ್ನು ಮೊದಲೇ ಕೇಳಿಸಿಕೊಳ್ಳಿ, ಫಲಿತಾಂಶ ಯಾರ ಕಿವಿಗೆ ಹೋಗುತ್ತೆ ಅಂತ ವಿಚಾರಿಸಿ. ಹಳೇ ಅವಮಾನ ಏನಾದರೂ ಇದ್ದರೆ ಪಟ್ಟಿ ಕಟ್ಟುವ ಮುಂಚೆಯೇ ಹೇಳಿಬಿಡಿ. ಇಷ್ಟಾಗಿಯೂ ಫೇಲಾದರೆ, ಬೇರೆ ಕೆಲಸ ಹುಡುಕುವ ಮೊದಲು ನಿಮ್ಮ ಪರ ನಿಂತವನ ಮನೆಗೆ ಹೋಗಿ. ಫೋನು ಬಂದರೆ ಏನು ಹೇಳುತ್ತಾನೋ ಅದನ್ನು ನಿಮ್ಮೆದುರಿಗೇ ಹೇಳಿಸಿ. ತಡವರಿಸಿದನೋ, ಎಲ್ಲೂ ಅವನ ಹೆಸರು ಕೊಡಬೇಡಿ.