ಮುಕ್ಕಾಲು ಇಂಚಿನ ಅಂಗುಲ

2022ರಲ್ಲಿ ನಾನು ಸ್ಯಾನ್ ಡಿಯೇಗೋದ ಮೀರಾ ಮೆಸಾದಲ್ಲಿ ಒಂದು ಆಯುರ್ವೇದ ಕೇಂದ್ರದಲ್ಲಿದ್ದೆ. ಮೈಸೂರಿನಲ್ಲಿ ಬಿ.ಎ.ಎಂ.ಎಸ್. ಓದಿದ್ದರೂ ಕ್ಯಾಲಿಫೋರ್ನಿಯಾದಲ್ಲಿ ನಾನು ವೈದ್ಯೆಯಲ್ಲ. ಬ್ಯಾಡ್ಜಿನ ಮೇಲಿದ್ದದ್ದು ‘ವೆಲ್‌ನೆಸ್ ಕನ್ಸಲ್ಟೆಂಟ್’. ಬಂದವರ ದೇಹದ ಅಳತೆ ತೆಗೆದು ವರದಿಗೆ ಸಹಿ ಹಾಕುತ್ತಿದ್ದೆ.

ಈ ಅಳತೆಗೆ ಅಂಗುಲಿ ಪ್ರಮಾಣ ಎನ್ನುತ್ತಾರೆ. ಬೆರಳಿನ ಅಗಲವೇ ಒಂದು ಅಂಗುಲ. ಎತ್ತರ ಎಂಬತ್ನಾಲ್ಕು ಅಂಗುಲದ ಆಸುಪಾಸಿನಲ್ಲಿದ್ದರೆ ದೇಹ ಸಮಪ್ರಮಾಣದ್ದು ಎಂದು ಶಾಸ್ತ್ರ. ಆದರೆ ಬೆರಳು ಅಳೆಸಿಕೊಳ್ಳುವವರದೇ ಆಗಿರಬೇಕು.

ಕೇಂದ್ರದ ಒಡತಿ ವಸುಧಾ ಆಂಟಿ. ಅವರ ಗಂಡ ಶ್ರೀಧರ್ ಅಂಕಲ್ ಟೆಲಿಕಾಂ ಎಂಜಿನಿಯರ್. ವರದಿಯ ಆ್ಯಪ್ ಬರೆದವರು ಅವರೇ. ಅದರಲ್ಲಿ ಎಲ್ಲರಿಗೂ ಒಂದು ಅಂಗುಲವೆಂದರೆ ಮುಕ್ಕಾಲು ಇಂಚು, 1.905 ಸೆಂಟಿಮೀಟರ್. ಇದು ಸರಿಯೇ ಎಂದು ಮೊದಲ ವಾರವೇ ಅಂಕಲ್‌ರನ್ನು ಕೇಳಿದ್ದೆ.

“ಒಬ್ಬೊಬ್ಬರಿಗೆ ಒಂದೊಂದು ಸ್ಕೇಲ್ ಇಟ್ಟರೆ ಅದನ್ನ ಅಳತೆ ಅಂತಾರೇನಮ್ಮಾ?” ಎಂದು ನಕ್ಕಿದ್ದರು.

ನಾಲ್ಕು ತಿಂಗಳು ಸುಮ್ಮನಿದ್ದೆ. ಅದಕ್ಕೆ ನನ್ನವೇ ಕಾರಣಗಳಿದ್ದವು. ಅವು ಇಲ್ಲಿ ಬೇಡ.

ಅಕ್ಟೋಬರಿನಲ್ಲಿ ಟೊರೆನ್ಸ್‌ನಿಂದ ಒಬ್ಬ ತಾಯಿ ಹದಿನೇಳರ ಮಗಳು ಅನನ್ಯಳನ್ನು ಕರೆತಂದರು. ಹುಡುಗಿ ಶಾಲೆಯ ಓಟದ ತಂಡದವಳು. ಎತ್ತರ 148.5 ಸೆಂಟಿಮೀಟರ್. ಆ್ಯಪ್ ಎಪ್ಪತ್ತೆಂಟು ಅಂಗುಲವೆಂದು ಲೆಕ್ಕ ಹಾಕಿ ‘ಹೀನ ಪ್ರಮಾಣ, ಅಸ್ಥಿಬಲ ಕಡಿಮೆ’ ಎಂದಿತು. ನಾನು ಸಹಿ ಹಾಕಿದೆ.

ಎರಡು ದಿನದ ಮೇಲೆ ತಾಯಿಯ ಫೋನ್. “ಓಟ ಬಿಡಿಸ್ತಾ ಇದ್ದೀನಿ. ಕೋಚ್‌ಗೆ ಇಮೇಲ್ ರೆಡಿ ಇದೆ. ಮೂಳೆಗೆ ಏನು ಕೊಡಲಿ ಹೇಳಿ.”

ಹಿಂದಿನಿಂದ ಹುಡುಗಿಯ ದನಿ: “ಅಮ್ಮಾ, ಐ ರನ್ ಸಿಕ್ಸ್ ಮೈಲ್ಸ್ ಎ ಡೇ! ವಾಟ್ ವೀಕ್ ಬೋನ್ಸ್?”

“ಇಮೇಲ್ ಕಳಿಸಬೇಡಿ,” ಎಂದೆ. “ಟೇಪ್ ತಗೊಳ್ಳಿ. ಅವಳ ನಾಲ್ಕು ಬೆರಳು ಜೋಡಿಸಿ ನಡುಗಿಣ್ಣಿನ ಮೇಲೆ ಅಡ್ಡ ಅಳೀರಿ.”

ಏಳು ಸೆಂಟಿಮೀಟರ್. ಅಂದರೆ ಒಂದು ಬೆರಳಿಗೆ 1.75. ಆ ಲೆಕ್ಕದಲ್ಲಿ ಅವಳ ಎತ್ತರ ಸುಮಾರು ಎಂಬತ್ತೈದು ಅಂಗುಲ.

“ವರದಿ ತಪ್ಪು. ತಪ್ಪು ನನ್ನದು. ಮೂಳೆ ಬಗ್ಗೆ ಅನುಮಾನ ಇದ್ದರೆ ಅವಳ ಡಾಕ್ಟರನ್ನ ಕೇಳಿ. ಬೆರಳಿನ ಅಳತೆ ಅದನ್ನ ಹೇಳಲ್ಲ.”

“ಮತ್ತೆ ಬರೆದದ್ದು ಯಾಕೆ?” ಎಂದರು ಆಕೆ.

ಪಕ್ಕದ ಮೇಜಿನಲ್ಲಿದ್ದ ಆಂಟಿ ಎಲ್ಲ ಕೇಳಿಸಿಕೊಂಡಿದ್ದರು. ಅಂಕಲ್‌ರನ್ನು ಕರೆದರು. ನಾನು ವಾದ ಮಾಡದೆ ಅವರನ್ನೇ ಗೋಡೆಗೆ ನಿಲ್ಲಿಸಿ ಅಳೆದೆ: 183. ಆ್ಯಪ್ ತೊಂಬತ್ತಾರು ಎಂದಿತು.

“ನೀವು ಅಧಿಕ ಪ್ರಮಾಣ, ಅಂಕಲ್. ಅದೂ ದೋಷವೇ. ಈಗ ನಿಮ್ಮ ಬೆರಳು ಕೊಡಿ.”

ಅವರ ಬೆರಳಿನ ಅಗಲ 2.15. ಎತ್ತರ ಎಂಬತ್ತೈದು ಅಂಗುಲ. ಅವರು ತಮ್ಮ ಕೈಯನ್ನೇ ತಿರುಗಿಸಿ ನೋಡಿಕೊಂಡರು. “ವಸು, ಇದು ಬಗ್ ಕಣೇ.”

“ಬಗ್ ಅಂತ ಊರಿಗೆಲ್ಲ ಸಾರಿಕೊಂಡು ಬನ್ನಿ, ಬಾಗಿಲು ಹಾಕೋಣ!” ಆಂಟಿ ನನ್ನತ್ತ ತಿರುಗಿದರು. “ಆ ಹುಡುಗಿದೊಂದು ಸರಿ ಮಾಡು. ಸಾಕು.”

“ನಾನು ಸಹಿ ಹಾಕಿರೋದು ಅರವತ್ತೊಂದು ವರದಿಗೆ, ಆಂಟಿ. ಅರವತ್ತೊಂದು ಜನಕ್ಕೂ ಬರೀತೀನಿ.”

“ಬರೆದರೆ ನಾಳೆಯಿಂದ ಬರಬೇಡ.”

ಬರೆದೆ. ಅಂದೇ ಸಂಜೆಯೊಳಗೆ ಎಲ್ಲವನ್ನೂ ಕಳಿಸಿದೆ, ಬ್ಯಾಡ್ಜ್ ಮೇಜಿನ ಮೇಲಿಟ್ಟು ಹೊರಬಿದ್ದೆ. ಅನನ್ಯ ತಂಡದಲ್ಲೇ ಉಳಿದಳೆಂದು ತಾಯಿ ಒಂದು ಸಾಲಿನ ಮೆಸೇಜ್ ಕಳಿಸಿದರು, ಥ್ಯಾಂಕ್ಸ್ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಇಂಟರ್‌ವ್ಯೂಗಳಲ್ಲಿ ಆ ಕೆಲಸ ಬಿಟ್ಟದ್ದೇಕೆ ಎಂದು ಇಂದಿಗೂ ಕೇಳುತ್ತಾರೆ. ತಪ್ಪೆಂದು ಗೊತ್ತಿದ್ದೂ ನಾಲ್ಕು ತಿಂಗಳು ಸಹಿ ಹಾಕಿದೆ, ಆಮೇಲೆ ನಿಲ್ಲಿಸಿದೆ ಎನ್ನುತ್ತೇನೆ. ಕೆಲವರು ಅಲ್ಲಿಗೇ ಫೈಲ್ ಮುಚ್ಚುತ್ತಾರೆ. ಮುಚ್ಚಲಿ. ವರದಿಯ ಕೆಳಗಿರುವುದು ಆ್ಯಪಿನ ಹೆಸರಲ್ಲ, ನನ್ನದು ಎಂಬುದನ್ನು ಆ ಕೆಲಸ ಕಲಿಸಿತು. ಕಲಿಯುವ ಹೊತ್ತಿಗೆ ನಾಲ್ಕು ತಿಂಗಳು ತಡವಾಗಿತ್ತು.