ಹಲಸಿನ ಬಾಗಿಲಿನ ಜಪ್ತಿ

ಆ ಬಾಗಿಲು ಒಡೆಸಿದವನು ನಾನೇ. ಇಷ್ಟು ವರ್ಷ ಅದನ್ನು ಬೇರೆಯವರ ತಲೆಗೆ ಕಟ್ಟಿಕೊಂಡು ಬಂದೆ. ಮನೆಯೊಡೆಯನ ಕೊಬ್ಬು ಅಂದೆ, ಕಾನೂನು ಅಂದೆ. ಈಗ ಸುಳ್ಳು ಹೇಳಿ ಯಾರನ್ನು ಮೆಚ್ಚಿಸಬೇಕು? ನನ್ನ ಹಾಳು ಸಿಟ್ಟು ಒಡೆಸಿತು.

ಅರವತ್ತರ ದಶಕದಲ್ಲಿ ನಾನು ಸಾಗರದ ಮುನ್ಸೀಫ್ ಕೋರ್ಟಿನಲ್ಲಿ ಅಮೀನ. ಡಿಕ್ರಿಯಾದ ಮೇಲೂ ಹಣ ಕೊಡದವರ ಮನೆಗೆ ವಾರಂಟು ಹಿಡಿದು ಹೋಗಿ ಸಾಮಾನು ಜಪ್ತಿ ಮಾಡುವುದು ನನ್ನ ಕೆಲಸ. ಒಬ್ಬಳು ಮುಖಕ್ಕೆ ಬಿಸಿ ಗಂಜಿ ಎರಚಿದ್ದಳು, ಒಬ್ಬ ನಾಯಿ ಛೂ ಬಿಟ್ಟಿದ್ದ. ನಾನೂ ಸುಮ್ಮನೆ ತಿಂದುಕೊಂಡು ಬರುವ ಆಸಾಮಿಯಲ್ಲ. ಗಂಜಿ ಎರಚಿದವಳ ಗಂಗಾಳ, ಚೊಂಬು ಒಂದೂ ಬಿಡದೆ ಬರೆದುಕೊಂಡು ಬಂದಿದ್ದೆ.

ಅಣೆಕಟ್ಟಿನ ನೀರು ಬರುತ್ತದೆಂದು ಜನ ಹಳೆಯ ಮನೆಗಳನ್ನು ಬಿಚ್ಚಿ, ಕಂಬ ತೊಲೆಗಳನ್ನು ಗಾಡಿಗೆ ಹೇರಿ, ಎತ್ತರದ ಜಾಗದಲ್ಲಿ ಹೊಸದು ಕಟ್ಟಿಕೊಳ್ಳುತ್ತಿದ್ದ ಕಾಲ ಅದು. ಹೊಸನಗರದ ಕಡೆಯ ಒಬ್ಬ ಯಜಮಾನ ತೀರ್ಥಹಳ್ಳಿಯ ಆಚಾರಿಯೊಬ್ಬರಿಂದ ವರ್ಷವಿಡೀ ಮರಗೆಲಸ ಮಾಡಿಸಿಕೊಂಡು ಅರ್ಧ ಕೂಲಿ ಕೊಡದೆ ಕೈ ಎತ್ತಿಬಿಟ್ಟ. ಆಚಾರಿ ಹುಷಾರಿನವರೇ. ಹಲಸಿನ ಮುಂಬಾಗಿಲನ್ನು ಕೂಡಿಸದೆ ತೀರ್ಥಹಳ್ಳಿಯ ತಮ್ಮ ಚಪ್ಪರದಲ್ಲೇ ಇಟ್ಟುಕೊಂಡರು. ಮಾಡಿದ ವಸ್ತು ಮಾಡಿದವನ ವಶದಲ್ಲಿರುವವರೆಗೆ, ಕೂಲಿ ಕೊಡದೆ ಅದನ್ನು ಯಾರೂ ಕೇಳುವಂತಿಲ್ಲ. ಕಾನೂನೂ ಅದನ್ನೇ ಹೇಳುತ್ತದೆ.

ಆದರೆ ಗೃಹಪ್ರವೇಶಕ್ಕೆ ಎರಡು ದಿನ ಇರುವಾಗ ಯಜಮಾನನ ತಾಯಿ ಗಾಡಿ ಹೊಡೆಸಿಕೊಂಡು ಬಂದು ಚಪ್ಪರದಲ್ಲಿ ಕೂತಳಂತೆ. “ಬಾಗ್ಲಿಲ್ದಿರೋ ಮನೇಲಿ ಹಾಲು ಹೆಂಗಪ್ಪಾ ಉಕ್ಸೋದು?” ಅಂದಳಂತೆ. ಆಚಾರಿ ಕರಗಿದರು. ಬಾಗಿಲನ್ನು ಕೊಂಡೊಯ್ದು ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿ, ನಾಲ್ಕು ಜನರೆದುರು ವೀಳ್ಯ, ಪಂಚೆ ತೆಗೆದುಕೊಂಡರು. ಅಲ್ಲಿಗೆ ಹಿಡಿತ ಹೋಯಿತು. ವೀಳ್ಯ ತೆಗೆದುಕೊಂಡ ಮೇಲೆ ಲೆಕ್ಕ ಚುಕ್ತಾ ಆದ ಹಾಗೆಯೇ ಎಂದು ಯಜಮಾನನ ವಕೀಲ ಕೋರ್ಟಿನಲ್ಲಿ ವಾದಿಸಿದ. ಮುನ್ಸೀಫರು ಒಪ್ಪಲಿಲ್ಲ, ಡಿಕ್ರಿ ಕೊಟ್ಟರು. ಆದರೆ ಬಾಗಿಲು ಕೈಬಿಟ್ಟುಹೋಗಿತ್ತಲ್ಲ, ಸಾಲ ಕೊಟ್ಟ ಉಳಿದವರ ಹಾಗೆ ಡಿಕ್ರಿ ಜಾರಿ ಮಾಡಿಸಲು ಅಮಲ್ಜಾರಿ ಅರ್ಜಿ ಹಾಕಿಕೊಂಡು ಕಾಯಬೇಕಾಯಿತು. ವಕೀಲರ ಫೀಜಿಗೆ ಆಚಾರಿ ತಮ್ಮ ಹತಾರದ ಪೆಟ್ಟಿಗೆಯನ್ನೇ ಒತ್ತೆ ಇಟ್ಟಿದ್ದರು. ಹಣ ಬಂದರೆ ಪೆಟ್ಟಿಗೆ, ಪೆಟ್ಟಿಗೆ ಬಂದರೆ ಕಸುಬು. ಅಲ್ಲಿಯವರೆಗೆ ಬೇರೆಯವರ ಕೈಕೆಳಗೆ ಹಲಗೆ ಹೊರುತ್ತಿದ್ದರು.

ವಾರಂಟಿನ ಕೊನೆಯ ದಿನ ಇಬ್ಬರು ಕೂಲಿಯಾಳುಗಳು, ಇಬ್ಬರು ಪಂಚರು, ಆಚಾರಿ ಮತ್ತು ನಾನು ಬಸ್ಸಿಳಿದು ನಡೆದು ಆ ಮನೆ ಮುಟ್ಟಿದಾಗ ಹೊತ್ತು ಇಳಿದಿತ್ತು. ಜಗಲಿಯಲ್ಲಿ ನಿಂತು ವಾರಂಟು ಓದಿದೆ. ಯಜಮಾನ ಪೂರ್ತಿ ಕೇಳಿಸಿಕೊಂಡು, ಒಳಗೆ ಹೋಗಿ ಬಾಗಿಲು ಹಾಕಿ ಅಗುಳಿ ಎಳೆದ. ಸೂರ್ಯ ಮುಳುಗಿದ ಮೇಲೆ ಅಮೀನ ಮನೆಯೊಳಗೆ ಕಾಲಿಡುವಂತಿಲ್ಲ ಎಂದು ಅವನಿಗೆ ಯಾರೋ ಹೇಳಿಕೊಟ್ಟಿದ್ದರು. ಬಾಕಿದಾರನೇ ಒಳಗಿದ್ದು ದಾರಿ ಕೊಡದಿದ್ದರೆ ಅಮೀನ ಹೊರಬಾಗಿಲು ಒಡೆಸಬಹುದು ಎನ್ನುವುದು ನನಗೆ ಗೊತ್ತಿತ್ತು.

“ಹಾಕ್ರೋ” ಅಂದೆ.

ಕೂಲಿಯಾಳುಗಳು ಕೊಡಲಿ ಬೀಸಿದರು. ಹಲಸಿನ ಗಟ್ಟಿ ಚೇಗು, ಏಟು ಬಿದ್ದಲ್ಲಿ ಅರ್ಧ ಬೆರಳಿನಷ್ಟೇ ಕಚ್ಚು ಬೀಳುತ್ತಿತ್ತು, ಕೊಡಲಿ ಹಿಂದಕ್ಕೆ ಎಗರುತ್ತಿತ್ತು. ಒಂದು ಏಟಿಗೆ ಕಾವು ಮುರಿದು ಕೊಡಲಿ ಹಾರಿ ಒಬ್ಬನ ಮೊಣಕಾಲ ಕೆಳಗೆ ಸೀಳಿತು. ಅವನು ರಕ್ತ ಸುರಿಸುತ್ತ ಅಂಗಳದಲ್ಲಿ ಕೂತ. ಪ್ರತಿ ಏಟಿಗೂ ಜಗಲಿಯ ಮೂಲೆಯಲ್ಲಿದ್ದ ಆಚಾರಿಯ ಭುಜ ಅದುರುತ್ತಿತ್ತು.

ಒಳಗಿಂದ ಯಜಮಾನ ನಗುತ್ತ ಕೂಗಿದ, “ಆಚಾರ್ರೇ, ಬಾಗ್ಲು ಭಾಳ ಚಲೋ ಮಾಡಿದೀರಿ ಕಣ್ರಿ. ಹೇಯ್ ಅಮೀನ, ಇನ್ನರ್ಧ ಗಂಟೆ ಬೊಗಳ್ಕೋ. ಹೊತ್ತು ಮುಳುಗಿದ್ರೆ ನಿಂಗೂ ಬೀದಿ ನಾಯಿಗೂ ಏನು ಫರಕು?”

ನನ್ನ ಪಿತ್ತ ನೆತ್ತಿಗೇರಿತು. ಆಚಾರಿಯ ಕಡೆ ತಿರುಗಿ, “ನೀವು ಮಾಡಿದ್ದಲ್ವಾ? ನೀವೇ ತೆಗೀರಿ” ಅಂದೆ.

“ಪೂಜೆ ಮಾಡಿ ನಿಲ್ಸಿದ್ದು ಅಮೀನ್ರೇ. ನನ್ ಕೈಲಿ ಆಗಲ್ಲ.”

“ಹಾಗಾದ್ರೆ ವಾಪಸ್ ಹೋಗೋಣ. ಹೊಸ ವಾರಂಟು ಬರೋಕೆ ಇನ್ನಾರು ತಿಂಗ್ಳು. ಅಷ್ಟರೊಳಗೆ ಒತ್ತೆ ಇಟ್ಟಿರೋ ನಿಮ್ ಪೆಟ್ಗೆ ಮುಳುಗಿ ಹೋಗಿರತ್ತೆ.”

ಶುದ್ಧ ಸುಳ್ಳು. ಅಡ್ಡಿಪಡಿಸಿದರೆಂದು ವಾರಂಟಿನ ಮೇಲೆ ಶರಾ ಬರೆದುಕೊಟ್ಟಿದ್ದರೆ ಎರಡು ವಾರದಲ್ಲಿ ಪೊಲೀಸರ ಜೊತೆ ಬರಬಹುದಿತ್ತು. ಆದರೆ ಅವನು ನಾಯಿ ಅಂದಿದ್ದ. ಆ ಸಂಜೆಯೇ ಒಳಗೆ ನುಗ್ಗಬೇಕು ಎನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಆಚಾರಿ ಎದ್ದರು. ಬಾಗಿಲಿಗೆ ಕೈ ಮುಗಿದು, ಅಂಚಿನಿಂದ ಒಂದು ಗೇಣು ಅಳೆದರು. ಕೂಲಿಯವನಿಂದ ಉಳಿ, ಸುತ್ತಿಗೆ ಇಸಿದುಕೊಂಡು, ಎರಡು ಹಲಗೆ ಕೂಡುವ ಕಡೆ ಇಟ್ಟು ಹೊಡೆದರು. ಹತ್ತು ಹನ್ನೆರಡು ಏಟಿಗೆ ಕೈ ತೂರುವಷ್ಟು ತುಂಡು ಕಳಚಿ ಒಳಗೆ ಬಿತ್ತು. ಅಗುಳಿ ಸರಿಸಲು ಬಲಗೈಯನ್ನು ಮೊಣಕೈವರೆಗೆ ಒಳಗೆ ಹಾಕಿದರು.

ಒಳಗೆ ಯಜಮಾನನ ತಮ್ಮ ಒನಕೆ ಹಿಡಿದು ನಿಂತಿದ್ದ. ಮೊದಲ ಏಟಿನ ಸದ್ದು ನಮಗೆ ಕೇಳಿಸಿತು. ಆಚಾರಿಗೆ ಕೈ ಎಳೆದುಕೊಳ್ಳಲು ಆಗಲಿಲ್ಲ, ಯಾರೋ ಮಣಿಕಟ್ಟು ಹಿಡಿದಿದ್ದರು. ಎರಡನೆಯದು, ಮೂರನೆಯದು. ನಾನು ಸೊಂಟ ಹಿಡಿದು ಎಳೆದಾಗ ಹೊರಗೆ ಬಂದದ್ದನ್ನು ಕೈ ಅನ್ನುವಂತಿರಲಿಲ್ಲ. ಬೆರಳುಗಳು ಬೇರೆ ಬೇರೆ ದಿಕ್ಕಿಗೆ ತಿರುಗಿದ್ದವು, ಹೆಬ್ಬೆರಳಿನ ಮೂಳೆ ಚರ್ಮ ಹರಿದು ಕಾಣುತ್ತಿತ್ತು. ಆದರೂ ಮನುಷ್ಯ ಅಗುಳಿ ಸರಿಸಿಯೇ ಬಿಟ್ಟಿದ್ದರು. ನಾನು ಬಾಗಿಲಿಗೆ ಒದ್ದೆ, ತೆರೆಯಿತು.

ಒಳಗೆ ನಾನು ಮಾಡಿದ್ದು ಯಾವ ಕಾನೂನಿನಲ್ಲೂ ಇಲ್ಲ. ಒನಕೆ ಕಿತ್ತುಕೊಂಡು ಆ ತಮ್ಮನ ಬಾಯಿಗೆ ತಿವಿದೆ, ಎರಡು ಹಲ್ಲು ನೆಲಕ್ಕೆ ಬಿದ್ದವು. ಯಜಮಾನನ ಕುತ್ತಿಗೆ ಹಿಡಿದು ಕಂಬಕ್ಕೆ ಅಪ್ಪಳಿಸಿದೆ. ಪಂಚರು ಬಿಡಿಸದಿದ್ದರೆ ಕೊಂದೇ ಬಿಡುತ್ತಿದ್ದೆನೋ ಏನೋ. ಆಮೇಲೆ ಅದೇ ಕೈಯಲ್ಲಿ ಕಂಚು, ತಾಮ್ರ, ಗಡಿಯಾರ, ಗಾಡಿ ಎಲ್ಲ ಪಟ್ಟಿ ಮಾಡಿದೆ. ಬರೆದು ಮುಗಿಸಿದಾಗ ಸೂರ್ಯ ಇನ್ನೂ ಇದ್ದ.

ವಾರಂಟು ಒಪ್ಪಿಸುವಾಗ ಅದರ ಮೇಲಿನ ಕೆಂಪು ಕಲೆ ನೋಡಿ ಗುಮಾಸ್ತ, “ಇದೇನ್ರೀ, ಎಲೆಯಡಿಕೆ ಉಗುಳಿದೀರಾ?” ಅಂದ. ಹೌದು ಅಂದೆ.

ಹರಾಜಾಗಿ ಹಣ ಬಂತು. ವಕಾಲತ್ತಿಗೆ ಚೆಂದದ ಅಕ್ಷರದಲ್ಲಿ ಸಹಿ ಹಾಕಿದ್ದ ಆಚಾರಿ, ಹಣ ಪಡೆದ ರಸೀದಿಗೆ ಎಡಗೈ ಹೆಬ್ಬೆಟ್ಟು ಒತ್ತಿದರು. ಬಲಗೈ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿತ್ತು. ಬೆರಳು ಇನ್ನು ಮಡಚುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಸುಬುದಾರನ ಹತಾರವನ್ನು ಕೋರ್ಟು ಕೂಡ ಜಪ್ತಿ ಮಾಡುವಂತಿಲ್ಲ ಎಂದು ಕಾನೂನಿದೆ. ಕೈಯ ವಿಷಯ ಅದರಲ್ಲಿ ಬರೆದಿಲ್ಲ.

ವಾರದ ನಂತರ ಅವರು ಹತಾರದ ಪೆಟ್ಟಿಗೆ ಬಿಡಿಸಿಕೊಂಡು, ಎಡಹೆಗಲ ಮೇಲೆ ಹೊತ್ತು ಕೋರ್ಟಿನ ವರಾಂಡಕ್ಕೆ ಬಂದರು. ನನ್ನ ಕಾಲ ಬಳಿ ಇಳಿಸಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

“ಇಟ್ಕೊಳ್ಳಿ ಅಮೀನ್ರೇ” ಅಂದರು. “ಇನ್ನೊಂದ್ಸಲ ಯಾರ್ದಾದ್ರೂ ಬಾಗ್ಲು ಒಡೆಯೋದಿದ್ರೆ ಬೇಕಾಗತ್ತೆ.”