ಒಳಗಿರುವವರ ಕೈಗೆ ಸಿಗದ ಜಿಪ್ಪು

ಡಿಸೆಂಬರ್ ತಿಂಗಳ ಎರಡನೆಯ ಶನಿವಾರ, ಬೆಳಿಗ್ಗೆ ಆರು ಗಂಟೆ. ಸ್ಥಳ, ಶಾಮನೂರಿನ ನಮ್ಮ ಮನೆಯ ಪಡಸಾಲೆ. ಹಾಜರಿದ್ದವರು ನಾನು, ನಮ್ಮ ಯಜಮಾನರು ಮತ್ತು ಚೀಲ ತೂಗುವ ಒಂದು ಕೊಕ್ಕೆ ತಕ್ಕಡಿ.

ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಸಿಸ್ಟರ್ ಆಗಿದ್ದವಳಿಗೆ ಬೇರೆ ರೀತಿಯಲ್ಲಿ ಬರೆಯಲು ಬರುವುದಿಲ್ಲ. ಪಾಳಿ ಮುಗಿದಾಗ ತಾರೀಖು, ಗಂಟೆ, ಯಾರಿದ್ದರು, ಯಾವ ಕೆಲಸ ಮುಗಿಯಿತು ಎಂದು ವಾರ್ಡಿನ ಪುಸ್ತಕದಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಮನೆ. ನಿವೃತ್ತಳಾದ ಮೇಲೂ ನಾನು ಹಾಗೆಯೇ ಬರೆದಿಡುತ್ತೇನೆ. ಸಹಿ ಮಾಡಿಸಿಕೊಳ್ಳುವವರು ಇಲ್ಲ, ಅಷ್ಟೇ ವ್ಯತ್ಯಾಸ.

ಆ ದಿನದ ಕೆಲಸ, ಒಂದು ರಾತ್ರಿ ಬಯಲಲ್ಲಿ ಒಬ್ಬಳೇ ಮಲಗಲು ಬೇಕಾದ ಸಾಮಾನನ್ನು ತೂಗಿ, ಹೊತ್ತೊಯ್ದು, ಪರೀಕ್ಷಿಸುವುದು. ಆಸೆ ಹಳೆಯದು. ಯಾರೂ ಕರೆಯದೆ ಬೆಳಗಾದ ಒಂದು ರಾತ್ರಿಯೂ ನನಗೆ ನೆನಪಿಲ್ಲ. ವಾರ್ಡಿನಲ್ಲಿ ಹಾಸಿಗೆ ಹಾಸಿಗೆಯಿಂದ ಕರೆಯುತ್ತಿದ್ದರು. ಈಗ ಅಕ್ಕಪಕ್ಕದವರು ಮಗುವಿನ ಜ್ವರಕ್ಕೆ, ಅಜ್ಜನ ಬಿಪಿಗೆ ಕದ ತಟ್ಟುತ್ತಾರೆ. ಯಜಮಾನರಂತೂ ತಮ್ಮ ತಲೆಯ ಮೇಲಿರುವ ಕನ್ನಡಕ ಹುಡುಕಿಕೊಡಲು ಕರೆಯುತ್ತಾರೆ. ಹರಿಹರದ ಆಚೆ ತುಂಗಭದ್ರೆಯ ದಂಡೆಯಲ್ಲಿ ನನ್ನ ತಮ್ಮನ ಹೊಲವಿದೆ. ಅಲ್ಲಿ ನನಗೆ ಒಂದೇ ಒಂದು ರಾತ್ರಿ ಬೇಕಾಗಿತ್ತು.

ಅಡ್ಡಿಗಳು ಎರಡು. ಮೊಣಕಾಲು ನೋಡಿದ ಡಾಕ್ಟರು ಬೆನ್ನಿನ ಮೇಲೆ ನಾಲ್ಕು ಕಿಲೋ ಮೀರಬಾರದು ಎಂದಿದ್ದರು. ಎರಡನೆಯ ಅಡ್ಡಿ ತಮ್ಮನ ಹೆಂಡತಿ. ಹೊಲ ತಮ್ಮನದಾದರೂ ಕಾನೂನು ಅವಳದು. ಫೋನಿನಲ್ಲಿಯೇ ತೀರ್ಪು ಕೊಟ್ಟಳು.

"ಅಕ್ಕಾರೆ, ಮೊದ್ಲು ಹಗಲು ಹೊತ್ನಾಗೆ ನನ್ನೆದುರಿಗೆ ಆ ಮಲಗೋ ಚೀಲದೊಳಗೆ ಹೋಗಿ ಹೊರಗೆ ಬರ್ರಿ. ಯಾರನ್ನೂ ಕರೀಬಾರ್ದು. ಕರೆದ್ರಿ ಅಂದ್ರೆ ರಾತ್ರಿ ನಮ್ಮನೆ ಮಂಚಾನೇ ಗತಿ."

ಜೀವಮಾನವೆಲ್ಲ ಕರೆಸಿಕೊಂಡವಳಿಗೆ ಕರೆಯದೆ ಇರುವುದು ಯಾವ ದೊಡ್ಡ ಕೆಲಸ ಎಂದು ಒಪ್ಪಿಕೊಂಡೆ.

ತಾಡಪಾಲನ್ನು ಹಿಂದಿನ ವಾರವೇ ಆರಿಸಿದ್ದೆವು. ದಾವಣಗೆರೆಯ ಪೇಟೆಯಲ್ಲಿ ತಾಡಪಾಲು ಕೇಳಿದರೆ ಯಾರಿಗಾದರೂ ನೆನಪಾಗುವುದು ಮೆಕ್ಕೆಜೋಳ. ಮೊದಲ ಅಂಗಡಿಯವನು ನೀಲಿ ಬಣ್ಣದ್ದೊಂದನ್ನು ಎಳೆದು ಹಾಕಿ, ಎಷ್ಟು ಚೀಲ ಒಣಗಿಸುತ್ತೀರಿ ಎಂದು ಕೇಳಿದ. ಒಣಗಿಸುವುದಕ್ಕಲ್ಲ, ಅದರ ಕೆಳಗೆ ನಾನು ಮಲಗುವುದಕ್ಕೆ ಎಂದೆ. ಅವನು ಯಜಮಾನರನ್ನು ಒಂದು ಥರ ನೋಡಿ, ನನಗೆ ಕುಳಿತುಕೊಳ್ಳಲು ಸ್ಟೂಲು ತರಿಸಿದ. ಕೊಕ್ಕೆಗೆ ತೂಗುಹಾಕಿದರೆ ಅದೊಂದೇ ಮೂರೂವರೆ ಕಿಲೋ. ಮೂರನೆಯ ಅಂಗಡಿಯಲ್ಲಿ ತೆಳುವಾದ ನೈಲಾನಿನದು ಸಿಕ್ಕಿತು, ಏಳುನೂರು ಗ್ರಾಂ. ನನಗೆ ಮನಸ್ಸಿಗೆ ಬಂತು, ಯಜಮಾನರಿಗೆ ಬರಲಿಲ್ಲ. ನಲವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು. ಹಗುರವಾದ ವಸ್ತುಗಳ ವಿಷಯದಲ್ಲಿ ಊರಿಗೆ ತಾವೇ ಪಂಡಿತರು ಎಂದು ಅವರ ನಂಬಿಕೆ.

"ಹಗುರದ್ದು ಹೊರೋಕೆ ಸುಲಭ, ಹಿಡಿಯೋಕೆ ಕಷ್ಟ," ಎಂದು ಹೇಳಿ ಅದನ್ನು ಅಂಗಡಿಯ ಫ್ಯಾನಿನ ಕೆಳಗೆ ಬಿಡಿಸಿ ತೋರಿಸಿದರು. ಅದು ಹಾರಿ ಪ್ಲಾಸ್ಟಿಕ್ ಕೊಡ ಕೊಳ್ಳುತ್ತಿದ್ದ ಹೆಂಗಸೊಬ್ಬರನ್ನು ಕೊಡದ ಸಮೇತ ಮುಚ್ಚಿತು. ಕ್ಷಮೆ ಕೇಳಿ ಅದನ್ನೇ ಕೊಂಡೆ.

ಇನ್ನು ಮಲಗುವ ಚೀಲ. ಇಬ್ಬನಿ ತಾಗದಂತೆ ಮೈಪೂರ್ತಿ ತೂರಿಕೊಳ್ಳುವ ಈ ಚೀಲಗಳನ್ನು ಫೋನಿನಲ್ಲಿ ನೋಡಿದ್ದೆ. ಎಲ್ಲವೂ ಆರಡಿಯವರಿಗೆ ಮಾಡಿದವು, ನಾನು ಐದಡಿಗೂ ಒಂದು ಬೆರಳು ಕಡಿಮೆ. ಬೈಕಿನ ಕವರು, ಆಟೋದ ಟಾಪು ಹೊಲಿಯುವ ಟೈಲರ್ ಒಬ್ಬನನ್ನು ಹಿಡಿದೆ. ಮಲಗಿಸಿ ಅಳತೆ ತೆಗೆಯುವುದು ಒಳ್ಳೆಯ ಲಕ್ಷಣವಲ್ಲ ಎಂದು ಅವನು ನನ್ನನ್ನು ಗೋಡೆಗೆ ನಿಲ್ಲಿಸಿ ಸೀಮೆಸುಣ್ಣದಲ್ಲಿ ಗೆರೆ ಎಳೆದ. ರೇನ್‌ಕೋಟಿನ ಬಟ್ಟೆ, ತಲೆಯೂ ಒಳಗೆ, ಮುಖದ ಮೇಲೆ ಸೊಳ್ಳೆಪರದೆ, ಗಂಟಲಿನಿಂದ ಸೊಂಟದವರೆಗೆ ಬಲಗಡೆ ಜಿಪ್ಪು ಎಂದು ತೀರ್ಮಾನವಾಯಿತು.

"ಜಿಪ್ಪಿನ ಕೊಂಡಿ ಒಳಗೂ ಒಂದು ಇರ್ಲೇನ್ರಿ ಅಮ್ಮಾರೆ?" ಎಂದು ಕೇಳಿದ.

"ಬ್ಯಾಡ. ಹೊರಗಷ್ಟೇ ಇರ್ಲಿ. ಒಳಗಿರೋರ ಕೈಗೆ ಯಾವ್ದೂ ಸಿಗಬಾರ್ದು," ಎಂದೆ.

ಬ್ಯಾಂಡೇಜಿನ ಗಂಟು, ಅಂಗಿಯ ಲಾಡಿ, ಎಲ್ಲವೂ ರೋಗಿಯ ಕೈಗೆ ಎಟುಕದ ಕಡೆ ಇರಬೇಕು. ಹೊಸದಾಗಿ ಬಂದ ಎಷ್ಟೋ ನರ್ಸುಗಳಿಗೆ ನಾನು ಈ ಪಾಠ ಹೇಳಿದ್ದೇನೆ. ಟೈಲರ್ ಒಂದು ಕ್ಷಣ ಸೂಜಿ ಎತ್ತಿ ಹಿಡಿದು ನನ್ನನ್ನೇ ನೋಡಿದ. ಆಮೇಲೆ ಹೇಳಿದಂತೆ ಹೊಲಿದ.

ಶನಿವಾರ ಬೆಳಿಗ್ಗೆ ತಾಡಪಾಲು, ಚೀಲ, ಚಾಪೆ, ತೆಳು ರಗ್ಗು, ಟಾರ್ಚು, ನೀರಿನ ಬಾಟಲಿ ಎಲ್ಲ ಸೇರಿ ಮೂರು ಕಿಲೋ ಒಂಬೈನೂರು. ನಾನು ಇನ್ನೂ ಸಂತೋಷಪಡುತ್ತಿರುವಾಗಲೇ ಯಜಮಾನರು ದಿಂಬಿನ ಗಾತ್ರದ ಮಂಡಕ್ಕಿ ಚೀಲವೊಂದನ್ನು ತಂದಿಟ್ಟು, ಇದಕ್ಕೆ ತೂಕವೇ ಇಲ್ಲ ಎಂದರು. ಕೊಕ್ಕೆ ಇದೆ ಎಂದಿತು. ಅದನ್ನು ಅವರೇ ಹೊರಬೇಕೆಂದು ತೀರ್ಮಾನಿಸಿದೆ. ಹರಿಹರದ ಬಸ್ಸಿನಲ್ಲಿ ಮಂಡಕ್ಕಿ ಕಿಟಕಿಯ ಪಕ್ಕ ಕುಳಿತಿತು. ಯಜಮಾನರು ನಿಂತುಕೊಂಡು ಬಂದರು.

ಹೊಲ ತಲುಪಿದಾಗ ತಮ್ಮ ಇರಲಿಲ್ಲ, ಕುಕ್ಕುವಾಡಕ್ಕೆ ಬೀಗರ ಮನೆಗೆ ಹೋಗಿದ್ದ. ಊಟ ಮುಗಿಸಿ ಮೂರು ಗಂಟೆಗೆ ಎರಡು ಹೊಂಗೆ ಮರಗಳ ನಡುವೆ ತಾಡಪಾಲು ಕಟ್ಟಿದೆ. ಹಾಸಿಗೆಯ ಚಾದರದಂತೆ ನಾಲ್ಕೂ ಮೂಲೆ ಸಮನಾಗಿ, ಬಿಗಿಯಾಗಿ. ಹೊಳೆಯ ಗಾಳಿ ಎರಡೇ ನಿಮಿಷದಲ್ಲಿ ಅದನ್ನು ಕಿತ್ತು ಹುಲ್ಲಿನ ಬಣವೆಗೆ ಹೊದಿಸಿತು. ಯಜಮಾನರು ಎದ್ದು, ಗಾಳಿ ಬರುವ ಕಡೆಯ ಅಂಚನ್ನು ನೆಲಕ್ಕೆ ತಗ್ಗಿಸಿ, ಟೆಂಪೋದ ಮೇಲೆ ಮಂಡಕ್ಕಿ ಮೂಟೆ ಬಿಗಿಯುವ ಹಾಗೆ ಕಟ್ಟಿದರು. ಅದು ನಿಂತಿತು. ಈ ಒಂದು ವಿಷಯದಲ್ಲಿ ಅವರು ಸರಿ ಎಂದು ಬರೆದುಕೊಂಡೆ.

ಮೂರು ಇಪ್ಪತ್ತಕ್ಕೆ ಚೀಲದೊಳಗೆ ಇಳಿದೆ. ಯಜಮಾನರೂ ತಮ್ಮನ ಹೆಂಡತಿಯೂ ಇಪ್ಪತ್ತು ಹೆಜ್ಜೆ ದೂರದಲ್ಲಿ ಮಂಡಕ್ಕಿ ಹರವಿಕೊಂಡು ಕುಳಿತರು. ನಾನು ಕೈ ಹೊರಗೆ ಹಾಕಿ ಕೊಂಡಿಯನ್ನು ಮೇಲಕ್ಕೆ ಎಳೆಯುತ್ತಾ ಬಂದು, ಗಂಟಲ ಬಳಿ ಎರಡು ಬೆರಳು ಜಾಗ ಉಳಿಯುವ ಹೊತ್ತಿಗೆ ಕೈಯನ್ನು ಒಳಗೆ ತೆಗೆದುಕೊಂಡೆ. ಅಚ್ಚುಕಟ್ಟಾಗಿತ್ತು. ಎರಡು ನಿಮಿಷ ಮಲಗಿದೆ. ಆಮೇಲೆ ಏಳೋಣವೆಂದು ಜಿಪ್ಪಿಗೆ ಕೈ ಹಾಕಿದೆ.

ಒಳಗೆ ಹಿಡಿಯಲು ಏನೂ ಇರಲಿಲ್ಲ. ಕೊಂಡಿ ಹೊರಗಿತ್ತು. ಎರಡು ಬೆರಳಿನ ಸಂದಿಯಿಂದ ಎರಡು ಬೆರಳು ಹೊರಟವು, ಕೊಂಡಿಯನ್ನು ತಟ್ಟಿದವು, ಹಿಡಿಯಲಾರದೆ ವಾಪಸು ಬಂದವು. ನನ್ನದೇ ನಿಯಮ, ಒಂದು ಕೂದಲೆಳೆಯಷ್ಟೂ ತಪ್ಪದೆ ಕೆಲಸ ಮಾಡುತ್ತಿತ್ತು. ರೋಗಿ ಮಾತ್ರ ಬದಲಾಗಿದ್ದಳು.

ಬಿಸಿಲು ಇನ್ನೂ ಇತ್ತು. ಬೆವರು ಇಳಿಯತೊಡಗಿತು. ದೂರದಿಂದ ಮಂಡಕ್ಕಿ ಅಗಿಯುವ ಸದ್ದು ಕೇಳುತ್ತಿತ್ತು.

"ಅಕ್ಕಾರು ನಿದ್ದೆ ಹೋದ್ರು ಕಾಣ್ತೈತೆ," ಎಂದಳು ತಮ್ಮನ ಹೆಂಡತಿ.

"ಇಲ್ಲ. ಗೊರಕೆ ಇಲ್ಲ," ಎಂದರು ಯಜಮಾನರು.

ಅವರನ್ನು ಒಂದು ಸಲ ಕರೆದರೆ ಸಾಕಿತ್ತು. ಕರೆದರೆ ರಾತ್ರಿ ಹೋಯಿತು. ಹಲ್ಲು ಕಚ್ಚಿಕೊಂಡು ಉರುಳಿದೆ. ಎಲ್ಲಿಂದಲೋ ಕರುವೊಂದು ಬಂದು ಪಾದದ ಕಡೆಯಿಂದ ನನ್ನನ್ನು ನೆಕ್ಕತೊಡಗಿತು. "ಹೋಗು," ಎಂದೆ, ಮೆಲ್ಲಗೆ. ಅದು ಮೊಣಕಾಲಿನವರೆಗೆ ಬಂತು.

ಆಗ ಸೊಂಟದ ಜೇಬು ನೆನಪಾಯಿತು. ಬ್ಯಾಂಡೇಜು ಕತ್ತರಿಸುವ ಮೊಂಡುತುದಿಯ ಕತ್ತರಿ ಮೂವತ್ತನಾಲ್ಕು ವರ್ಷ ಅಲ್ಲಿಯೇ ಇತ್ತು, ಆ ದಿನವೂ ಇತ್ತು. ಬಟ್ಟೆ ಕತ್ತರಿಸಿದರೆ ಚೀಲ ಕೆಟ್ಟಿತು, ಚೀಲ ಕೆಟ್ಟರೆ ರಾತ್ರಿಯೂ ಹೋಯಿತು. ಆದರೆ ಜಿಪ್ಪಿನ ಪಕ್ಕದಲ್ಲೇ ಹೊಲಿಗೆಯ ಸಾಲಿತ್ತು, ಹೊಲಿಗೆ ಬಿಚ್ಚುವುದು ನನ್ನ ಕಸುಬು. ಸೊಂಟದಿಂದ ಶುರು ಮಾಡಿ ಒಂದೊಂದಾಗಿ ಕತ್ತರಿಸಿ ಎಳೆದೆ. ಎಣಿಸುವುದು ಅಭ್ಯಾಸ, ನೂರಾ ಹನ್ನೆರಡು. ರೋಗಿಗೆ ನೋವಾಗಲಿಲ್ಲ. ಮೂರು ಐವತ್ತೈದಕ್ಕೆ ನನ್ನ ತಲೆ ಚೀಲದ ಪಕ್ಕೆಯಿಂದ ಹೊರಗೆ ಬಂತು. ಕರು ಎರಡು ಹೆಜ್ಜೆ ಹಿಂದೆ ಸರಿಯಿತು.

ತಮ್ಮನ ಹೆಂಡತಿ ಬಂದು ಸುತ್ತಲೂ ನೋಡಿದಳು.

"ಬಾಗ್ಲಾಗಿಂದ ಬರ್ಲಿಲ್ವಲ್ರೀ ಅಕ್ಕಾರೆ. ಗೋಡೆ ಒಡೆದು ಬಂದ್ರಿ."

"ಕರೆದ್ನಾ?"

"'ಹೋಗು' ಅಂದಿದ್ದು ಕೇಳಿಸ್ತು."

"ಅದು ಕರುವಿಗೆ."

ಅವಳು ಯಜಮಾನರ ಮುಖ ನೋಡಿದಳು. ಅವರು ಕೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಹೇಳಿದರು: "ಹೋಗು ಅನ್ನೋದು ಕರೆಯೋದು ಹೆಂಗಾಗ್ತೈತಮ್ಮ? ನಲವತ್ತು ವರ್ಷದಿಂದ ನಂಗೆ ಅದನ್ನೇ ಅಂತಾಳೆ. ಒಂದ್ಸಲಾನೂ ಕರೆದಂಗೆ ಅನ್ಸಿಲ್ಲ."

ಅವಳು ನಕ್ಕುಬಿಟ್ಟಳು, ಪರೀಕ್ಷೆ ಮುಗಿಯಿತು. ಆದರೂ ಒಳಗಿನಿಂದ ಜಿಪ್ಪು ತೆಗೆಯುವುದನ್ನು ಕಣ್ಣಾರೆ ನೋಡದೆ ಮನೆಗೆ ಹೋಗುವುದಿಲ್ಲ ಎಂದಳು, ಸೂಜಿ ದಾರವನ್ನೂ ಅವಳೇ ತಂದುಕೊಟ್ಟಳು. ಬಿಚ್ಚಿದ ಸಾಲನ್ನು ಮತ್ತೆ ಹೊಲಿದೆ. ಸೊಂಟದ ಬಳಿ ಮಾತ್ರ ಒಂದು ಬೆರಳಿನಷ್ಟು ಜಾಗ ಬಿಟ್ಟೆ. ಯಜಮಾನರು ಮಂಡಕ್ಕಿ ಚೀಲದ ಬಾಯಿಗೆ ಕಟ್ಟಿದ್ದ ಸುತಳಿ ಬಿಚ್ಚಿಕೊಟ್ಟರು. ಅದರ ಒಂದು ತುದಿಯನ್ನು ಕೊಂಡಿಗೆ ಕಟ್ಟಿ, ಇನ್ನೊಂದನ್ನು ಆ ಜಾಗದಿಂದ ಒಳಗೆ ತೂರಿಸಿದೆ. ಒಳಗೆ ಮಲಗಿ ಎಳೆದರೆ ಕೊಂಡಿ ಕೆಳಗಿಳಿದು ಜಿಪ್ಪು ತೆರೆಯಬೇಕು. ತೆರೆಯಿತು. ಅವಳು ನೋಡಿದಳು.

ಆರು ಗಂಟೆಗೆ ಇಬ್ಬರೂ ಮನೆಯ ಕಡೆ ಹೊರಟರು. ನನ್ನ ಫೋನನ್ನು ಯಜಮಾನರ ಜೇಬಿಗೆ ಹಾಕಿದೆ. ಅವರು ಹತ್ತು ಹೆಜ್ಜೆ ಹೋಗಿ ತಿರುಗಿ, ಬಾಯಿ ತೆರೆದರು. ತಲೆಯ ಮೇಲೆ ಇದೆ ಎಂದು ಸನ್ನೆ ಮಾಡಿದೆ. ಮುಟ್ಟಿ ನೋಡಿಕೊಂಡು ಹೋದರು.

ಕೊನೆಯ ಕೆಲಸ, ಒಳಗೆ ಮಲಗಿ ಸುತಳಿಯನ್ನು ಮೂರು ಸಲ ಎಳೆದು ನೋಡಿದ್ದು. ಮೂರು ಸಲವೂ ತೆರೆಯಿತು. ಮುಗಿದಾಗ ಗಂಟೆ ಆರು ನಲವತ್ತು. ಹಾಜರಿದ್ದವರು ನಾನೊಬ್ಬಳೇ. ಕರುವನ್ನು ಆಗಲೇ ಕಟ್ಟಿದ್ದರು.